ಅಜ್ಜಿಯ ಕಸೂತಿ, ಮೊಮ್ಮಗಳ ಓಲೆ

ನಾನು ಬ್ಯಾಂಕಿನಲ್ಲಿ 35 ವರ್ಷ ಗುಮಾಸ್ತನಾಗಿದ್ದವನು. ಖಾತೆಪುಸ್ತಕದ ಎಡಬದಿಯ ಮೊತ್ತಕ್ಕೆ ಬಲಬದಿಯದು ತಾಳೆಯಾಗದ ಹೊರತು ನಮಗೆ ಮನೆಗೆ ಹೋಗುವಂತಿರಲಿಲ್ಲ. ಈಗ ವೈಟ್‌ಫೀಲ್ಡ್‌ನಲ್ಲಿ ಮಗನ ಮನೆಯಲ್ಲಿದ್ದೇನೆ. ಕಳೆದ ಬೇಸಿಗೆ ರಜೆಯಲ್ಲಿ ಅಂಥದೇ ತಾಳೆಯ ಲೆಕ್ಕವನ್ನು ಸೀರೆಯ ಸೆರಗಿನಲ್ಲೂ ಕಿವಿಯೋಲೆಯಲ್ಲೂ ಕಂಡೆ.

ನನ್ನವಳು ಧಾರವಾಡದ ಕಡೆಯವಳು. ಮದುವೆಗೆ ಮುಂಚೆ ತಾನೇ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆಯನ್ನು ಇನ್ನೂ ಜೋಪಾನವಾಗಿಟ್ಟಿದ್ದಾಳೆ. ಅದು ಮಡಿಕೆಗಳಲ್ಲಿ ಹರಿಯತೊಡಗಿದೆ. ಕಣ್ಣು ಮಂಜಾದ ಮೇಲೆ ಅವಳು ಸೂಜಿ ಹಿಡಿದಿಲ್ಲ. "ನನ್ನ ಕೂಡನ ಇದೂ ಹೋಗ್ತದ" ಎಂದು ಅವಳು ಅಂದದ್ದು ಏಳನೇ ತರಗತಿಯ ಮೊಮ್ಮಗಳ ಕಿವಿಗೆ ಬಿತ್ತು. "ಅಜ್ಜಿ, ಇದನ್ನ ಕ್ಲೇನಲ್ಲಿ ಮಾಡಲಾ?" ಎಂದಳು.

ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸಿಯೇ ಹೊಲಿಯಬೇಕು. ಗವಂತಿ, ಮುರಗಿ, ನೇಗಿ, ಮೆಂತಿ ಎಂದು ನಾಲ್ಕು ಬಗೆಯ ಹೊಲಿಗೆ. ಗೋಪುರ, ತೇರು, ಆನೆ, ತುಳಸಿಕಟ್ಟೆ ಎಲ್ಲವೂ ಎಣಿಕೆಯಿಂದಲೇ ಮೂಡುತ್ತವೆ. ಗವಂತಿ, ಮುರಗಿಯಲ್ಲಿ ಬಟ್ಟೆ ತಿರುಗಿಸಿ ನೋಡಿದರೂ ಅದೇ ಚಿತ್ರ, ಒಂದು ಗಂಟೂ ಕಾಣದು.

ಪಾಲಿಮರ್ ಕ್ಲೇ ಹೆಸರಿಗಷ್ಟೇ ಮಣ್ಣು. ಪಿವಿಸಿ ಪ್ಲಾಸ್ಟಿಕ್ ಪುಡಿಗೆ ಮೆದುಗೊಳಿಸುವ ದ್ರವವನ್ನೂ ಬಣ್ಣವನ್ನೂ ಸೇರಿಸಿದ ಕಣಕ ಅದು. ಗಾಳಿಗೆ ಒಣಗದು, ಓವನ್ನಿನ ಶಾಖಕ್ಕೆ ಗಟ್ಟಿಯಾಗುತ್ತದೆ.

ಅಜ್ಜಿ ಸೆರಗಿನ ಮೇಲೆ ಬೆರಳಾಡಿಸಿ ಎಣಿಸುತ್ತ ಹೋದಳು. ಮೊಮ್ಮಗಳು ಚೌಕಳಿ ಹಾಳೆಯಲ್ಲಿ ಗುರುತು ಹಾಕಿದಳು. ಚೌಕಕ್ಕೊಂದು ಕ್ಲೇ ಕಡ್ಡಿ, ಕಪ್ಪು ಇಲ್ಲವೇ ಕೆಂಪು. ಕಡ್ಡಿಗಳನ್ನೆಲ್ಲ ಹಾಳೆಯ ಪ್ರಕಾರ ಜೋಡಿಸಿ ಒತ್ತಿದಾಗ ಒಂದು ದಪ್ಪ ದಿಂಡಾಯಿತು. ಅದನ್ನು ನಾಲ್ಕೂ ಕಡೆಯಿಂದ ಒತ್ತಿ ಎಳೆದಂತೆ ದಿಂಡು ಉದ್ದವಾಗುತ್ತದೆ, ಒಳಗಿನ ಗೋಪುರ ಕಿರಿದಾಗುತ್ತದೆ. ಫ್ರಿಜ್ಜಿನಲ್ಲಿ ಸ್ವಲ್ಪ ಹೊತ್ತಿಟ್ಟು ಬ್ಲೇಡಿನಿಂದ ಕೊಯ್ದರೆ ಬಿಲ್ಲೆಬಿಲ್ಲೆಯಲ್ಲೂ ಗೋಪುರ!

ಬೇಯಿಸುವ ಕೆಲಸ ನನ್ನದಾಯಿತು. ಪೊಟ್ಟಣದ ಮೇಲೆ 130 ಡಿಗ್ರಿ, ಅರ್ಧ ಗಂಟೆ ಎಂದಿತ್ತು. ಬೇಗ ಆಗಲೆಂದು ನಾನು 200ಕ್ಕೆ ತಿರುಗಿಸಿದೆ. ಕಮಟು ಹೊಗೆ ಎದ್ದಿತು. ಎಂಟು ಬಿಲ್ಲೆಗಳೂ ಕರಕಲು. ಆ ಹೊಗೆ ಉಸಿರಿಗೆ ಕೆಟ್ಟದ್ದು. ಓವನ್ ಆರಿಸಿ, ಕಿಟಕಿ ತೆರೆದು ಎಲ್ಲರೂ ಹೊರಗೆ ನಿಂತೆವು. ಮೊಮ್ಮಗಳು ಅಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಅಜ್ಜಿ ಮಾತ್ರ, "ತಪ್ಪಿದ ಎಳಿ ಬಿಚ್ಚಿ ಮತ್ತ ಹಾಕೂದು, ಅಷ್ಟ" ಎಂದಳು. ಪುಣ್ಯಕ್ಕೆ ಅರ್ಧ ದಿಂಡು ಉಳಿದಿತ್ತು. ಮಕ್ಕಳೇ, ನೀವು ಮಾಡುವಾಗ ದೊಡ್ಡವರು ಜೊತೆಗಿರಲಿ, ಆದರೆ ನನ್ನಂಥ ಅವಸರದವರು ಬೇಡ. ಅಡುಗೆಗೆ ಬಳಸುವ ಓವನ್ನೂ ಬೇಡ.

ಎರಡನೇ ಸಲ ಪೊಟ್ಟಣ ಹೇಳಿದಂತೆ ಕೇಳಿದೆ. ಬಿಲ್ಲೆ ಆರಿದ ಮೇಲೆ ತಿರುಗಿಸಿ ನೋಡಿದೆ: ಹಿಂದೆಯೂ ಅದೇ ಗೋಪುರ. ಎರಡೂ ಬದಿ ತಾಳೆ!

ಓಲೆಯನ್ನು ಅಜ್ಜಿಯ ಅಂಗೈಗಿಟ್ಟೆವು. ಅವಳು ಬೆರಳಿನಿಂದ ಸವರಿ, "ಛಲೋ ಆಗ್ಯಾವ. ಆದ್ರ ಹೊಲಿಗಿ ಕೈಗೆ ಹತ್ತೂದಿಲ್ಲ" ಎಂದಳು. ನಿಜವೇ, ಬಿಲ್ಲೆ ನುಣ್ಣಗಿತ್ತು. ಮೊಮ್ಮಗಳು ಕ್ಷಣಹೊತ್ತು ಸುಮ್ಮನಿದ್ದು, "ಹಾಗಾದ್ರೆ ಹೊಲಿಗೆಯನ್ನೇ ಹೇಳಿಕೊಡು" ಎಂದಳು.

ಈಗ ಭಾನುವಾರ ಮಧ್ಯಾಹ್ನ ಅಜ್ಜಿ ಎಣಿಸುತ್ತಾಳೆ, ಕಿವಿಗೆ ಗೋಪುರದ ಓಲೆ ಹಾಕಿಕೊಂಡ ಮೊಮ್ಮಗಳು ಸೂಜಿ ಚುಚ್ಚುತ್ತಾಳೆ. ಸೂಜಿಗೆ ದಾರ ಪೋಣಿಸಿಕೊಡುವುದಷ್ಟೇ ನನ್ನ ಕೆಲಸ. ಓವನ್ನಿನ ಗುಂಡಿ ಮುಟ್ಟಲು ನನಗೆ ಅಪ್ಪಣೆಯಿಲ್ಲ.