ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಓಡಿದರೆ ಎಷ್ಟು ಹಣ?

ಬಂಗಾರಪೇಟೆ ಜಂಕ್ಷನ್‌ನಿಂದ ಮಾರಿಕುಪ್ಪಂವರೆಗೆ ರೈಲು ಹಳಿಯ ಉದ್ದ ಸುಮಾರು 16 ಕಿಲೋಮೀಟರ್. ಕೋಲಾರದ ಚಿನ್ನದ ಗಣಿಗಳಿಗೆಂದೇ, ಅಂದರೆ ಕೆಜಿಎಫ್‌ಗೆಂದೇ, 1894ರಲ್ಲಿ ಹಾಕಿದ ದಾರಿ ಇದು. ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂದು ಗಣಿಗಳ ಕಾಲದ ಹೆಸರುಗಳನ್ನೇ ಇಟ್ಟುಕೊಂಡ ನಿಲ್ದಾಣಗಳು ದಾರಿಯುದ್ದಕ್ಕೂ ಸಿಗುತ್ತವೆ. ಹೋಗಿ ಬಂದರೆ 32 ಕಿಲೋಮೀಟರ್. ಮ್ಯಾರಥಾನ್‌ಗೆ ಬೇಕಾದದ್ದು 42.195. ಹತ್ತು ಚಿಲ್ಲರೆ ಕಡಿಮೆ ಬೀಳುತ್ತದೆ. ಆ ಹತ್ತನ್ನು ಬೆಂಗಳೂರಿನಲ್ಲಿ ಓಡಿ ಮುಗಿಸಬಹುದು. 2008ರಿಂದ ಅಲ್ಲಿ ನಡೆಯುತ್ತಿರುವ ವರ್ಲ್ಡ್ 10ಕೆ ಓಟದ ದೂರ ಹೆಚ್ಚುಕಡಿಮೆ ಅಷ್ಟೇ.

ಈ ಲೆಕ್ಕ ತಮಾಷೆಗೆ. ಆದರೆ ಎರಡು ದಾರಿಗಳ ನಡುವಿನ ವ್ಯತ್ಯಾಸ ತಮಾಷೆಯಲ್ಲ. ಬೆಂಗಳೂರಿನ ಆ ಹತ್ತು ಕಿಲೋಮೀಟರ್ ಪ್ರತಿ ವರ್ಷ ಅನಾಥಾಲಯ, ಶಾಲೆ, ಆಸ್ಪತ್ರೆ, ಅಂಗವಿಕಲರ ಸಂಸ್ಥೆಗಳಿಗೆಲ್ಲ ಹಣ ತಂದುಕೊಡುತ್ತದೆ. ಗಣಿಯೂರಿನ ಈ 32ರಲ್ಲಿ ಬೆವರಿಗೆ ಬರವಿಲ್ಲ, ಹಣ ಮಾತ್ರ ಹುಟ್ಟುವುದಿಲ್ಲ. ಏಕೆ?

ದಾನಕ್ಕಾಗಿ ಓಡುವುದು ಹೇಗೆ ಎಂಬುದನ್ನು ಮೊದಲು ನೋಡೋಣ. ವರ್ಲ್ಡ್ 10ಕೆಯ ದೇಣಿಗೆ ವ್ಯವಹಾರವನ್ನು ನೋಡಿಕೊಳ್ಳುವುದು ಇಂಡಿಯಾ ಕೇರ್ಸ್ ಫೌಂಡೇಷನ್. ಸೇವಾ ಸಂಸ್ಥೆಗಳು ಅಲ್ಲಿ ನೋಂದಾಯಿಸಿಕೊಳ್ಳುತ್ತವೆ. ಕಂಪನಿಗಳು ಹೆಚ್ಚು ಹಣ ತೆತ್ತು ತಮ್ಮ ನೌಕರರ ತಂಡಗಳನ್ನು ಇಳಿಸುತ್ತವೆ. ಒಂಟಿ ಓಟಗಾರರು ತಮಗೆ ಬೇಕಾದ ಸಂಸ್ಥೆಯ ಹೆಸರು ಹಿಡಿದು ಗೆಳೆಯರಿಗೆ, ಸಹೋದ್ಯೋಗಿಗಳಿಗೆ, ಅಮೆರಿಕದಲ್ಲಿರುವ ಭಾವನಿಗೆ ಲಿಂಕ್ ಕಳಿಸುತ್ತಾರೆ. ಎದೆಯ ಮೇಲೆ ನಂಬರಿನ ಚೀಟಿ ಅಂಟಿಸಿಕೊಳ್ಳುವ ಹೊತ್ತಿಗೆ ಹಣದ ಕೆಲಸ ಬಹುಪಾಲು ಮುಗಿದಿರುತ್ತದೆ. ರೋಟರಿ ಬೆಂಗಳೂರು ಐಟಿ ಕಾರಿಡಾರ್ ಕ್ಲಬ್ ಶುರುಮಾಡಿದ ಮಿಡ್‌ನೈಟ್ ಮ್ಯಾರಥಾನ್‌ನ ಉದ್ದೇಶವೂ ಸೇವೆಗೆ ಹಣ ಕೂಡಿಸುವುದೇ. ಅಲ್ಲೂ ಓಟಕ್ಕಿಂತ ಮೊದಲು ನಡೆಯುವುದು ಕೇಳುವ ಕೆಲಸ.

ಕೋಲಾರ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೀದಿಯಲ್ಲಿ ಯಾರಾದರೂ ತಿರುಪತಿಗೆ ಕಾಲ್ನಡಿಗೆಯಲ್ಲಿ ಹೊರಟರೆ ಅಕ್ಕಪಕ್ಕದವರು ಬಂದು ‘ನಮ್ಮದೂ ಹುಂಡಿಗೆ ಹಾಕಿಬಿಡಪ್ಪ’ ಎಂದು ಐವತ್ತೋ ನೂರೋ ಕೈಗಿಡುತ್ತಾರೆ. ನಡೆಯುವ ಕಷ್ಟ ಒಬ್ಬನದು, ಹರಕೆ ಹತ್ತು ಮನೆಯದು. ಕೆಜಿಎಫ್‌ನ ಕ್ರೈಸ್ತರಿಗೆ ವೇಲಾಂಗಣ್ಣಿಯ ಪಾದಯಾತ್ರೆಯೂ ಹೊಸತಲ್ಲ. ಮೈಯನ್ನು ಒತ್ತೆಯಿಟ್ಟವನು ಸುಮ್ಮನೆ ಕೇಳುತ್ತಿಲ್ಲ ಎಂಬ ನಂಬಿಕೆ ಯಾತ್ರೆ, ಓಟ ಎರಡೂ ಕಡೆ ಕೆಲಸ ಮಾಡುತ್ತದೆ. ನಾಚಿಕೆ ಬಿಟ್ಟು ಕೈಚಾಚಲಾರದವನಿಗೆ ಓಟವೊಂದು ನೆಪ. ಒಳ್ಳೆಯ ನೆಪವೇ.

ಬರೀ ಬೆವರಿಗೆ ಹಣ ಬರುವುದಿಲ್ಲ ಎನ್ನುವುದಕ್ಕೆ ಟೆರ್ರಿ ಫಾಕ್ಸ್‌ಗಿಂತ ದೊಡ್ಡ ಸಾಕ್ಷಿ ಇಲ್ಲ. ಮೂಳೆಯ ಕ್ಯಾನ್ಸರ್‌ನಿಂದ 18ನೇ ವಯಸ್ಸಿನಲ್ಲಿ ಬಲಗಾಲು ಕಳೆದುಕೊಂಡ ಈ ಕೆನಡಾದ ಹುಡುಗ 1980ರ ಏಪ್ರಿಲ್ 12ರಂದು ದೇಶದ ಪೂರ್ವ ತುದಿಯಿಂದ ಕೃತಕ ಕಾಲಿನಲ್ಲಿ ಓಡತೊಡಗಿದ. ದಿನಕ್ಕೆ ಹೆಚ್ಚುಕಡಿಮೆ ಒಂದು ಮ್ಯಾರಥಾನ್. ಕ್ಯಾನ್ಸರ್ ಸಂಶೋಧನೆಗೆ ದೇಶದ ತಲೆಗೊಂದು ಡಾಲರ್ ಕೂಡಿಸುವುದು ಅವನ ಗುರಿ. ಮೊದಲ ವಾರಗಳಲ್ಲಿ ಎಷ್ಟೋ ಊರುಗಳಲ್ಲಿ ಅವನನ್ನು ಕೇಳುವವರೇ ಇರಲಿಲ್ಲ. ಕ್ವಿಬೆಕ್ ಪ್ರಾಂತ್ಯ ದಾಟುವಾಗಂತೂ ಹೆದ್ದಾರಿಯ ವಾಹನಗಳು ಅವನನ್ನು ರಸ್ತೆಯಿಂದಾಚೆಗೆ ತಳ್ಳುವಂತಿದ್ದವು. ಒಂಟಾರಿಯೊ ತಲುಪಿ ಪತ್ರಿಕೆ, ಟಿ.ವಿ.ಗಳು ಬೆನ್ನು ಹತ್ತಿದ ಮೇಲೆ ಜನ ಮುಗಿಬಿದ್ದರು. ಕಾಲು ಅದೇ, ನೋವು ಅದೇ, ನೋಡುವವರು ಮಾತ್ರ ಹೊಸಬರು. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿ, 143 ದಿನ ಮತ್ತು 5,373 ಕಿಲೋಮೀಟರ್‌ಗಳ ನಂತರ ಅವನು ನಿಲ್ಲಬೇಕಾಯಿತು. 1981ರ ಫೆಬ್ರುವರಿಯ ಹೊತ್ತಿಗೆ ಗುರಿಯ 2.4 ಕೋಟಿ ಡಾಲರ್ ದಾಟಿತ್ತು. ಆ ಜೂನ್‌ನಲ್ಲಿ ಅವನು ತೀರಿಕೊಂಡ. 2000ದಲ್ಲಿ, ತನ್ನ 89ನೇ ವಯಸ್ಸಿನಲ್ಲಿ, ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಸಂಸ್ಥೆಗಾಗಿ ಲಂಡನ್ ಮ್ಯಾರಥಾನ್ ಓಡಿದ ಫೌಜಾ ಸಿಂಗ್ ಅವರ ಹಿಂದೆಯೂ ಬ್ರಿಟನ್ನಿನ ಸಿಖ್ ಸಮುದಾಯವಿತ್ತು, ಕ್ಯಾಮೆರಾಗಳಿದ್ದವು.

ಕೆಜಿಎಫ್‌ನಲ್ಲಿ ಓಟಗಾರರಿಗೆ ಕೊರತೆಯಿಲ್ಲ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತಕ್ಕಾಗಿ ಓಡಿ, ಮರುವರ್ಷ ಅರ್ಜುನ ಪ್ರಶಸ್ತಿ ಪಡೆದ ಕೆನೆತ್ ಪೊವೆಲ್ ಹುಟ್ಟಿದ್ದು ಇದೇ ಗಣಿಯೂರಿನಲ್ಲಿ. 2022ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡಾಗ ಈ ನಂಟು ನೆನಪಾದವರು ಕಡಿಮೆ. ಇವತ್ತಿನ ಹುಡುಗರು ಓಡುವುದು ಪೊಲೀಸ್ ಮತ್ತು ಸೇನಾ ಭರ್ತಿಯ 1,600 ಮೀಟರ್‌ಗಾಗಿ. ಗಡಿಯಾರ ಹಿಡಿದು ಓಡುವ ಅವರಿಗೆ ಪದಕದ ಚಿಂತೆಯಿಲ್ಲ, ಸಂಬಳದ ಚಿಂತೆ. ಗಾಳಿ ಜೋರಾದ ದಿನ, ಚಿನ್ನ ತೆಗೆದ ಮೇಲೆ ಉಳಿದ ಸೈನೈಡ್ ದಿಬ್ಬಗಳ ಪುಡಿ ಎದ್ದು ಮುಖಕ್ಕೆ ರಾಚುತ್ತದೆ. ‘ಕೆಜಿಎಫ್’ ಸಿನಿಮಾ ನೋಡಿದವರಿಗೆ ಆ ಧೂಳು ಚಂದ ಕಂಡಿರಬಹುದು.

ಇಲ್ಲಿ ಹಣದ ಅಗತ್ಯಕ್ಕಂತೂ ಕೊರತೆ ಇಲ್ಲ. ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರುವರಿ 28ರಂದು ಬಾಗಿಲು ಹಾಕಿತು. ಮೂರು ಕಿಲೋಮೀಟರ್‌ಗೂ ಆಳಕ್ಕೆ ಇಳಿದು ಬಂಡೆ ಕೊರೆದವರ ಎದೆಯಲ್ಲಿ ಕಲ್ಲಿನ ಪುಡಿ ಉಳಿಯಿತು. ಸಿಲಿಕೋಸಿಸ್‌ಗೆ ಮದ್ದಿಲ್ಲ. ಉಸಿರಿನ ಆಸರೆ ಕೊಡಬಹುದು, ಕ್ಷಯ ಬಾರದಂತೆ ಕಾಯಬಹುದು, ಆಮ್ಲಜನಕದ ಯಂತ್ರ ತಂದು ಮಂಚದ ಪಕ್ಕ ಇಡಬಹುದು. ಯಂತ್ರಕ್ಕೆ ಬೆಲೆಯಿದೆ, ಕರೆಂಟ್ ಬಿಲ್ಲಿದೆ. ಇದೆಲ್ಲ ದೇಣಿಗೆಯಿಂದ ಆಗುವ ಕೆಲಸ. ಗಣಿ ಕಾರ್ಮಿಕರ ಲೈನ್ ಮನೆಗಳ ಮಕ್ಕಳ ಕಾಲೇಜು ಫೀಸೂ ಹಾಗೆಯೇ.

ಇಲ್ಲೇ ಒಂದು ತಕರಾರು ಎತ್ತಬೇಕು. ದೇಣಿಗೆ ಎತ್ತಲೇಬಾರದ ಕಷ್ಟಗಳೂ ಈ ಊರಿನಲ್ಲಿವೆ. ಅದನ್ನು ಜಗತ್ತಿಗೆ ತೋರಿಸಿದವರು ಇಲ್ಲಿಯವರೇ ಆದ ಬೆಜವಾಡ ವಿಲ್ಸನ್. ಅವರು ಹುಟ್ಟಿದ್ದು 1966ರಲ್ಲಿ, ಮಲ ಬಳಿಯುವ ಕೆಲಸ ಮಾಡಿ ಬದುಕುತ್ತಿದ್ದ ಕುಟುಂಬದಲ್ಲಿ. ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ಸಚಿವ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲೇ ನಿಷೇಧಿಸಿದ್ದರು. ಆದರೆ ಬೆಂಗಳೂರಿಗಿಂತ ಮೂರು ವರ್ಷ ಮೊದಲೇ, 1902ರಲ್ಲಿ, ಶಿವನಸಮುದ್ರದ ವಿದ್ಯುತ್ ಕಂಡಿದ್ದ ಈ ಊರಿನಲ್ಲಿ ಆ ಶತಮಾನ ಮುಗಿಯುತ್ತ ಬಂದರೂ ಒಣ ಪಾಯಿಖಾನೆಗಳನ್ನು ಕೈಯಿಂದ ಬಳಿಯುತ್ತಿದ್ದರು. ಓದು ಮುಗಿಸಿದ ವಿಲ್ಸನ್ ಕೆಲಸಕ್ಕೆಂದು ಹೆಸರು ಬರೆಸಲು ಹೋದಾಗ ಅಲ್ಲಿನ ಸಿಬ್ಬಂದಿ ಅರ್ಜಿಯಲ್ಲಿ ಇದೇ ಕೆಲಸವನ್ನು ನಮೂದಿಸಿದರಂತೆ. ಅಲ್ಲಿಂದ ಪತ್ರ, ಫೋಟೋ, ಅರ್ಜಿ, ಕೊನೆಗೆ ಸಫಾಯಿ ಕರ್ಮಚಾರಿ ಆಂದೋಲನ.

ಅವರದೂ ಒಂದು ದೂರದ ಓಟವೇ. 2015ರ ಡಿಸೆಂಬರ್ 10ರಂದು ಅಸ್ಸಾಮಿನ ದಿಬ್ರುಗಢದಿಂದ ಹೊರಟ ಆಂದೋಲನದ ಭೀಮ ಯಾತ್ರೆಯ ಬಸ್ಸು 125 ದಿನಗಳಲ್ಲಿ 500 ಜಿಲ್ಲೆಗಳನ್ನು ಸುತ್ತಿ, ಅಂಬೇಡ್ಕರ್ ಜಯಂತಿಯ ಹಿಂದಿನ ದಿನ ದಿಲ್ಲಿ ಮುಟ್ಟಿತು. ಚರಂಡಿ, ಶೌಚಗುಂಡಿಗಳಲ್ಲಿ ಸತ್ತವರ ಮನೆಯವರು ಅದರಲ್ಲಿದ್ದರು. ‘ನಮ್ಮನ್ನು ಕೊಲ್ಲುವುದನ್ನು ನಿಲ್ಲಿಸಿ’ ಎಂಬುದು ಅವರ ಬೇಡಿಕೆ. ಚಂದಾ ಪುಸ್ತಕದಲ್ಲಿ ಬರೆಯುವಂಥ ಬೇಡಿಕೆ ಅದಲ್ಲ. ಹೀಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತ್ತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಅದು ಸರ್ಕಾರ ತೆರಬೇಕಾದ ಬಾಕಿ. ಆ ಬಾಕಿಯನ್ನು ಟೀ ಶರ್ಟ್ ತೊಟ್ಟ ಓಟಗಾರರು ಚಂದಾ ಎತ್ತಿ ತೀರಿಸಹೊರಟರೆ ಸರ್ಕಾರಕ್ಕೆ ಅನುಕೂಲವೇ ಹೊರತು ಸತ್ತವನ ಹೆಂಡತಿಗಲ್ಲ.

ಹಾಗಾಗಿ ಗಣಿಯೂರಿನಲ್ಲಿ ದಾನದ ಓಟವೊಂದು ನಡೆಯುವುದಾದರೆ ಮೊದಲು ಪಟ್ಟಿ ಮಾಡಬೇಕಾದದ್ದು ಯಾವುದಕ್ಕೆ ಹಣ ಎತ್ತುವುದಿಲ್ಲ ಎಂಬುದನ್ನು. ಕಾರ್ಮಿಕರ ಬಾಕಿ, ಮನೆಯ ಹಕ್ಕುಪತ್ರ, ಒಳಚರಂಡಿ, ಕುಡಿಯುವ ನೀರು, ಇವು ಯಾವುವೂ ಓಟಗಾರರ ತಲೆಗೆ ಬರಕೂಡದು. ಆಮ್ಲಜನಕದ ಯಂತ್ರ, ಔಷಧಿ, ಆಸ್ಪತ್ರೆಗೆ ಓಡಾಡುವ ಖರ್ಚು, ಹಾಸ್ಟೆಲ್ ಫೀಸು ಬರಲಿ.

ಇನ್ನು ಕೇಳುವುದು ಯಾರನ್ನು? ಗಣಿ ಮುಚ್ಚಿದ ಮೇಲೆ ಈ ಊರಿನ ದುಡಿಯುವ ಜೀವ ನಸುಕಿನ ರೈಲು ಹತ್ತಿ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗುತ್ತದೆ, ರಾತ್ರಿ ಮರಳುತ್ತದೆ. ಆ ಬೋಗಿಗಳಲ್ಲಿ ಕಾರ್ಖಾನೆಯವರು, ಮನೆಗೆಲಸದವರು, ಸೆಕ್ಯೂರಿಟಿಯವರು, ನರ್ಸುಗಳು, ಸಾಫ್ಟ್‌ವೇರಿನ ಹುಡುಗಿಯರು ಎಲ್ಲರೂ ಇದ್ದಾರೆ. ದೇಣಿಗೆ ಕೊಡಬಲ್ಲ ಕಂಪನಿಗಳ ಗೇಟು, ಕ್ಯಾಂಟೀನು, ಮೇಜು ಅವರಿಗೆ ಗೊತ್ತು. ಟೆರ್ರಿ ಫಾಕ್ಸ್‌ಗೆ ಒಂಟಾರಿಯೊ ತಡವಾಗಿ ಸಿಕ್ಕಿತು. ಕೆಜಿಎಫ್‌ನವರು ತಮ್ಮ ಒಂಟಾರಿಯೊಗೆ ದಿನಾ ಹೋಗಿ ಬರುತ್ತಾರೆ, ಕೇಳುವುದಿಲ್ಲ ಅಷ್ಟೆ. ಬಹಳ ಮಂದಿ ತಾವು ಯಾವ ಊರಿನವರೆಂದು ಹೇಳಲೂ ಹಿಂಜರಿಯುತ್ತಾರೆ. ಸಿನಿಮಾ ಬಂದ ಮೇಲೆ ಆ ಹಿಂಜರಿಕೆ ಸ್ವಲ್ಪ ಕಡಿಮೆಯಾಗಿದೆ ಎನ್ನಬಹುದು.

ಕಾಗದಪತ್ರದ ಮಾತು ಒಂದೆರಡು. ಹಣ ಪಡೆಯುವ ಸಂಸ್ಥೆಗೆ ಆದಾಯ ತೆರಿಗೆಯ 80ಜಿ ಮಾನ್ಯತೆ ಇದ್ದರೆ ಕೊಟ್ಟವರಿಗೆ ವಿನಾಯಿತಿ ಸಿಗುತ್ತದೆ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿಗೆ ಹೋದ ವ್ಯಕ್ತಿಗಳಿಗಂತೂ ಇಲ್ಲವೇ ಇಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಓಟಕ್ಕೆ ಭಾನುವಾರವೇ ಆಗಬೇಕು, ರೈಲಿನ ಜನ ಮನೆಯಲ್ಲಿ ಸಿಗುವುದು ಅವತ್ತೇ. ಮುಕ್ತಾಯದ ಗೆರೆ ಬಂಗಾರಪೇಟೆಯಲ್ಲಿದ್ದರೆ ವಾಸಿ, ಓಡಿ ಬಂದವರಿಗೆ ಅಲ್ಲಿನ ಬಿಳಿ ನೀರಿನ ಪಾನಿಪುರಿಯಾದರೂ ಸಿಗುತ್ತದೆ. ಬಂದ ಹಣ, ಕೊಂಡ ಯಂತ್ರ, ಉಳಿದ ಚಿಲ್ಲರೆ, ಎಲ್ಲದರ ಲೆಕ್ಕವನ್ನು ಕನ್ನಡ, ತಮಿಳು ಎರಡರಲ್ಲೂ ಅಚ್ಚುಹಾಕಿಸಿ ತಿಂಗಳೊಳಗೆ ರೈಲಿನಲ್ಲೇ ಹಂಚಬೇಕು. ಬೆಳಗಿನ ಗಾಡಿಯಲ್ಲಾದರೆ ಓದಲು ಒಂದೂವರೆ ಗಂಟೆಗೂ ಹೆಚ್ಚು ಸಮಯವಿದೆ.