ತೋಟದ ರೈಲಿಗೊಂದು ರಾಮನಗರದ ಬಂಡೆ

ಬೆಂಗಳೂರಿನಿಂದ ಮೈಸೂರಿನ ಕಡೆಗೆ ಹೊರಟ ರೈಲು ಬಿಡದಿಯನ್ನು ದಾಟಿ, ಕೇತೋಹಳ್ಳಿಯನ್ನು ಹಿಂದಿಕ್ಕಿ, ರಾಮನಗರವನ್ನು ಸಮೀಪಿಸುವ ಹೊತ್ತಿಗೆ ದಿಗಂತದಲ್ಲಿ ಒಂದರ ಹಿಂದೊಂದಾಗಿ ತಲೆಯೆತ್ತುವ ಬೋಳು ಬಂಡೆಗಳ ಶ್ರೇಣಿಯನ್ನು ನೋಡಿ ಕೈಯಲ್ಲಿನ ಪತ್ರಿಕೆಯನ್ನು ಮಡಿಸಿಡದ ಪ್ರಯಾಣಿಕರು ವಿರಳ. ಚನ್ನಪಟ್ಟಣದವರಿಗೆ ಈ ನೋಟ ದಿನನಿತ್ಯದ್ದು. ಆದಕಾರಣವೇ ಅದರ ವೈಶಿಷ್ಟ್ಯವನ್ನು ಯಾರಾದರೂ ಹೊರಗಿನವರು ಬಂದು ಹೇಳಬೇಕಾಗುತ್ತದೆ. ಮನೆಯ ಹಿತ್ತಲಲ್ಲಿ, ತೆಂಗಿನ ಮರಗಳ ನಡುವೆ, ಕಂಬಿ ಹಾಸಿ ಪುಟ್ಟ ರೈಲನ್ನು ಓಡಿಸುವ ಹವ್ಯಾಸವೊಂದು ಲೋಕದಲ್ಲಿದೆ. ಆ ಹವ್ಯಾಸಿಗಳು ಅತ್ಯಂತ ಶ್ರಮಪಟ್ಟು ನಿರ್ಮಿಸುವ ವಸ್ತುವೆಂದರೆ ರೈಲೂ ಅಲ್ಲ, ನಿಲ್ದಾಣವೂ ಅಲ್ಲ. ಹಳಿಯ ಮಗ್ಗುಲಲ್ಲಿ ನಿಲ್ಲುವ ಕೃತಕ ಬಂಡೆಯ ಪ್ರಪಾತ. ಅಂಥ ಪ್ರಪಾತವನ್ನು ನಮ್ಮ ಸೀಮೆಯಲ್ಲಿ ಕಟ್ಟಬೇಕೆನ್ನುವವನಿಗೆ ಮಾದರಿ ಕಿಟಕಿಯಾಚೆಯೇ ನಿಂತಿದೆಯೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ತೋಟದ ರೈಲು ಇಂದಿನ ರೂಪದಲ್ಲಿ ಪ್ರಚಾರಕ್ಕೆ ಬಂದದ್ದು 1968ರಲ್ಲಿ, ಜರ್ಮನಿಯ ನ್ಯೂರೆಂಬರ್ಗ್ ನಗರದ ಲೇಮನ್ ಸಂಸ್ಥೆ ಮಳೆ ಬಿಸಿಲುಗಳಿಗೆ ಜಗ್ಗದ ದೊಡ್ಡ ಗಾತ್ರದ ರೈಲುಗಳನ್ನು ಮಾರುಕಟ್ಟೆಗೆ ತಂದಾಗ. ಅದರ ಹಳಿಗಳ ನಡುವಣ ಅಂತರ 45 ಮಿಲಿಮೀಟರ್, ಪ್ರಮಾಣ 1:22.5. ಈ ಎರಡು ಅಂಕಿಗಳನ್ನು ಗುಣಿಸಿ ನೋಡಿದರೆ ಒಂದು ಮೀಟರಿಗೆ ತೀರ ಸಮೀಪದ ಅಳತೆ ದೊರೆಯುತ್ತದೆ; ಅಂದರೆ ಈ ಆಟಿಕೆ ರೈಲು ಅನುಕರಿಸುವುದು ಮೀಟರ್ ಗೇಜ್ ರೈಲನ್ನು. 1876–78ರ ಮಹಾಕ್ಷಾಮದ ಬೆನ್ನಲ್ಲಿ ಸಿದ್ಧವಾಗಿ, 1881–82ರಲ್ಲಿ ಸಂಚಾರಕ್ಕೆ ತೆರೆದ ನಮ್ಮ ಬೆಂಗಳೂರು–ಮೈಸೂರು ಮಾರ್ಗವೂ ಮೀಟರ್ ಗೇಜಿನದೇ ಆಗಿತ್ತು. ತೊಂಬತ್ತರ ದಶಕದಲ್ಲಿ ಬ್ರಾಡ್ ಗೇಜ್ ಬರುವ ತನಕ ಶತಮಾನಕ್ಕೂ ಮಿಕ್ಕಿ ಹಾಗೆಯೇ ನಡೆಯಿತು. ಜರ್ಮನಿಯಲ್ಲಿ ಗೊತ್ತುಪಡಿಸಿದ ಅಳತೆ ನಮ್ಮ ಹಿರಿಯರು ಪ್ರಯಾಣ ಮಾಡಿದ ಮಾರ್ಗಕ್ಕೂ ಬಹುಮಟ್ಟಿಗೆ ಹೊಂದುವುದರಿಂದ, ಚನ್ನಪಟ್ಟಣದ ಹಿತ್ತಲಲ್ಲಿ ಹಳೆಯ ಮೈಸೂರು ರೈಲನ್ನು ಮತ್ತೆ ಓಡಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಎಂಜಿನ್ನುಗಳ ರೂಪವನ್ನು ಕಣ್ಣಾರೆ ಕಂಡು ಅಳೆಯಬೇಕೆನ್ನುವವರಿಗೆ 1979ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯ ತೆರೆದೇ ಇದೆ.

ಇನ್ನು ಬಂಡೆಯ ವಿಚಾರ. ಪರದೇಶದ ಚಿತ್ರಗಳನ್ನು ನೋಡಿ ಕಟ್ಟಿದ ಕೃತಕ ಪ್ರಪಾತಗಳಲ್ಲಿ ಬಹುಮಟ್ಟಿಗೆ ಕಾಣಬರುವುದು ಒಂದರ ಮೇಲೊಂದು ಅಡ್ಡಡ್ಡಲಾಗಿ ಹಾಸಿದ ಪದರುಗಳು. ಮರಳುಗಲ್ಲಿನ ನಾಡಿನಲ್ಲಿ ಅದು ಸಹಜವೇ. ನೀರಿನಡಿಯಲ್ಲಿ ಮಣ್ಣು ಮರಳುಗಳು ಪದರು ಪದರಾಗಿ ಕುಳಿತು ಗಟ್ಟಿಯಾದ ಕಲ್ಲು ಹಾಗಿರುತ್ತದೆ. ರಾಮನಗರದ ಬಂಡೆಯ ಜನ್ಮವೃತ್ತಾಂತವೇ ಬೇರೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದಲ್ಲಿ ಕರಗಿದ ಶಿಲಾದ್ರವ್ಯ ಮೇಲಕ್ಕೇರಿ, ನೆಲದ ಆಳದಲ್ಲಿಯೇ ನಿಧಾನವಾಗಿ ಆರಿ ಹೆಪ್ಪುಗಟ್ಟಿ, ಉತ್ತರ ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಉದ್ದದ ಪಟ್ಟಿಯಾಗಿ ನಿಂತದ್ದೇ ಈ ಗ್ರಾನೈಟ್. ಭೂವಿಜ್ಞಾನಿಗಳು ಇದನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಟಿಪ್ಪುವಿನ ತರುವಾಯ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರು, ಹಿಂದೆ ಕ್ಲೋಸ್‌ಪೇಟೆಯೆನಿಸಿದ್ದ ರಾಮನಗರ ಊರಿನಿಂದ ಅಳಿದರೂ ಕಲ್ಲಿನಲ್ಲಿ ಉಳಿದಿದೆ.

ಮೇಲೆ ಹೊದ್ದಿದ್ದ ನೆಲವೆಲ್ಲ ಯುಗಯುಗಗಳಲ್ಲಿ ಸವೆದು ಹೋದಾಗ, ಆಳದ ಒತ್ತಡದಿಂದ ಬಿಡುಗಡೆ ಹೊಂದಿದ ಈ ಶಿಲೆ ಮೈ ಸಡಿಲಿಸಿಕೊಂಡು ಬಿರಿಯಿತು. ಆ ಬಿರುಕುಗಳು ಎರಡು ಬಗೆ. ಮೊದಲನೆಯದು ಬೆಟ್ಟದ ಹೊರಮೈಗೆ ಸಮಾನಾಂತರವಾಗಿ ಬಾಗಿ ಸಾಗುವ ಬಿರುಕು. ಹಳೆಯ ಗೋಡೆಯ ಸುಣ್ಣ ಹಕ್ಕಳೆಯೇಳುವಂತೆ ಇದರಿಂದ ವಿಶಾಲವಾದ ಹಾಸುಬಂಡೆಗಳು ಏಳುತ್ತವೆ, ಜಾರಿ ಬೀಳುತ್ತವೆ, ಬೆಟ್ಟಕ್ಕೆ ಗೋಳಾಕಾರದ ನುಣ್ಣನೆಯ ಬೆನ್ನು ಲಭಿಸುತ್ತದೆ. ಮಾಗಡಿಯ ಬಳಿಯ ಸಾವನದುರ್ಗ ಈ ಬಗೆಯ ಬೆಟ್ಟಗಳ ಅರಸು. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಆ ಶಿಲಾಕಾಯವನ್ನು ಮಂಚನಬೆಲೆಯ ಕಡೆಯಿಂದ ನೋಡಿದವರಿಗೆ ಹೆಚ್ಚಿನ ವಿವರಣೆ ಬೇಡ. ಎರಡನೆಯದು ಬಂಡೆಯನ್ನು ಮೇಲಿನಿಂದ ಕೆಳಕ್ಕೆ ನೆಟ್ಟಗೆ ಸೀಳುವ ಬಿರುಕು. ಎರಡೂ ಬಗೆಯ ಬಿರುಕುಗಳು ಪರಸ್ಪರ ಛೇದಿಸಿದಲ್ಲಿ ಕಲ್ಲು ಚೌಕ ಚೌಕವಾಗಿ ಒಡೆಯುತ್ತದೆ; ಮಳೆಯ ನೀರು ಮೂಲೆಗಳನ್ನು ಮೊದಲು ಕೊರೆಯುವುದರಿಂದ ಚೌಕಗಳು ದುಂಡಾಗುತ್ತವೆ; ನಡುವಣ ಸಡಿಲು ಮಣ್ಣು ಕೊಚ್ಚಿಹೋದ ಮೇಲೆ ಗುಂಡುಗಳು ಒಂದರ ಮೇಲೊಂದು ನಿಂತಲ್ಲೇ ಉಳಿಯುತ್ತವೆ. ಯಾರೋ ಎತ್ತಿ ಪೇರಿಸಿದಂತೆ ತೋರುವ ಗುಂಡುಗಳನ್ನು ಯಾರೂ ಪೇರಿಸಿಲ್ಲ. ಅವು ಒಂದೇ ಬಂಡೆಯ ಶೇಷಗಳು. ತೋಟದಲ್ಲಿ ಬಂಡೆ ಕಟ್ಟುವವನು ಗಮನಿಸಬೇಕಾದ ಪ್ರಧಾನ ಸಂಗತಿ ಇದೇ: ಮೇಲಿನ ಗುಂಡಿನ ಬಿರುಕು ಕೆಳಗಿನ ಗುಂಡಿನ ಬಿರುಕಿನೊಡನೆ ಒಂದೇ ರೇಖೆಯಲ್ಲಿ ಮುಂದುವರಿಯಬೇಕು. ಆ ರೇಖೆ ತಪ್ಪಿದಲ್ಲಿ ಬಣ್ಣ ಎಷ್ಟೇ ಚೆಲುವಾಗಿದ್ದರೂ ಕಣ್ಣು ಅದನ್ನು ಬಂಡೆಯೆಂದು ಒಪ್ಪದು, ಕಲ್ಲಿನ ರಾಶಿಯೆಂದೇ ಎಣಿಸುತ್ತದೆ.

ಕಲ್ಲು ಇಷ್ಟು ಸಮೃದ್ಧವಾಗಿರುವ ಸೀಮೆಯಲ್ಲಿ ನಿಜವಾದ ಕಲ್ಲನ್ನೇ ತಂದು ನಿಲ್ಲಿಸಬಾರದೇಕೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಉತ್ತರ ಕಲ್ಲಿನ ಮೈಯಲ್ಲೇ ಇದೆ. ಕ್ಲೋಸ್‌ಪೇಟೆ ಗ್ರಾನೈಟಿನ ಒಂದು ತುಂಡನ್ನು ಕೈಗೆತ್ತಿಕೊಂಡು ನೋಡಿ. ಬೂದುಬಣ್ಣದ ಬೆಣಚು, ಮಿರುಗುವ ಕಾಗೆಬಂಗಾರದ ಕರಿಯ ಚುಕ್ಕೆಗಳು, ಅವುಗಳ ನಡುವೆ ನಸುಗೆಂಪಾದ, ಚಪ್ಪಟೆ ಮೈಯ, ಬೆರಳಿನ ಅಗಲಕ್ಕೂ ಮಿಕ್ಕಿದ ಫೆಲ್ಡ್‌ಸ್ಪಾರ್ ಹರಳುಗಳು ಎದ್ದು ಕಾಣುತ್ತವೆ. ನಾಲ್ಕು ಸೆಂಟಿಮೀಟರ್ ಉದ್ದದ ಅಂಥ ಹರಳು 1:22.5ರ ಪ್ರಮಾಣದಲ್ಲಿ ಎರಡು ಮಿಲಿಮೀಟರಿಗಿಂತ ಚಿಕ್ಕದಾಗಬೇಕು. ಆದರೆ ಅಸಲು ಕಲ್ಲನ್ನು ಹಳಿಯ ಪಕ್ಕದಲ್ಲಿ ಇಟ್ಟರೆ, ಏಳೂವರೆ ಸೆಂಟಿಮೀಟರ್ ಎತ್ತರದ ಬೊಂಬೆ ಪ್ರಯಾಣಿಕನ ಎದುರಿಗೆ ಅವನ ತಲೆಯ ಮೂರು ನಾಲ್ಕು ಪಾಲು ದೊಡ್ಡದಾದ ಹರಳು ಬಂದು ನಿಲ್ಲುತ್ತದೆ. ಬೆಟ್ಟವೆಂಬ ಭ್ರಮೆ ಆ ಕ್ಷಣವೇ ಹರಿದುಹೋಗುತ್ತದೆ. ಕಲ್ಲನ್ನು ಚಿಕ್ಕದಾಗಿ ಒಡೆಯಬಹುದು, ಕಲ್ಲಿನ ಕಣವನ್ನು ಚಿಕ್ಕದಾಗಿಸಲಾಗದು. ಆದಕಾರಣ ದೂರದ ಹಿನ್ನೆಲೆಗೆ ಅಸಲು ಕಲ್ಲು, ರೈಲಿನ ನಿಕಟದಲ್ಲಿ ಗಾರೆಯ ಬಂಡೆ ಎಂಬ ವಿಭಾಗವೇ ಲೇಸೆಂದು ನನ್ನ ಅಭಿಪ್ರಾಯ. ಅಸಲು ಕಲ್ಲುಗಳ ಸಂದುಗಳಿಗೆ ಸಿಮೆಂಟು ಮೆತ್ತಿ ಪ್ರಪಾತವೆನ್ನುವ ರೂಢಿ ಎರಡೂ ಬಗೆಯ ಸೊಗಸನ್ನು ಕೆಡಿಸುತ್ತದೆ.

ಗಾರೆಯಲ್ಲಿ ಬಂಡೆಯನ್ನು ರೂಪಿಸುವುದು ಹೊಸ ವಿದ್ಯೆಯಲ್ಲ. ಇಂಗ್ಲೆಂಡಿನ ಜೇಮ್ಸ್ ಪುಲ್‌ಹ್ಯಾಮ್ ಮನೆತನದವರು ಹತ್ತೊಂಬತ್ತನೆಯ ಶತಮಾನದಲ್ಲಿ ಇಟ್ಟಿಗೆಯ ಚೂರು, ಕುಲುಮೆಯ ಕಿಟ್ಟಗಳನ್ನು ಒಳಗೆ ತುಂಬಿ, ಮೇಲೆ ಸಿಮೆಂಟು ಬಳಿದು ಕೆತ್ತಿ, ಶ್ರೀಮಂತರ ಉದ್ಯಾನಗಳಲ್ಲಿ ಕೃತಕ ಶಿಲೆಗಳನ್ನು ಎಬ್ಬಿಸಿದರು. ಲಂಡನ್ನಿನ ಬ್ಯಾಟರ್‌ಸೀ ಉದ್ಯಾನದಲ್ಲಿ 1860ರ ದಶಕದಲ್ಲಿ ಅವರು ಕಟ್ಟಿದ ಬಂಡೆಗಳು ಪ್ರಸಿದ್ಧ. ನಮ್ಮಲ್ಲಿಯಂತೂ ದೇವಾಲಯದ ಗೋಪುರಗಳ ಮೇಲೆ ಗಾರೆಯ ಶಿಲ್ಪಗಳನ್ನು ಎಬ್ಬಿಸುವ ಪರಂಪರೆ ಬಹು ಪುರಾತನ. ಸುಣ್ಣಕ್ಕೆ ಬೆಲ್ಲದ ನೀರನ್ನೂ ಅಳಲೆಕಾಯಿಯ ರಸವನ್ನೂ ಬೆರೆಸಿ ಅರೆಯುತ್ತಿದ್ದ ಕಾಲದ ಕೈಚಳಕ ಕೆಲವು ಮೇಸ್ತ್ರಿಗಳ ಕರಣೆಯಲ್ಲಿ ಇನ್ನೂ ಉಳಿದಿದೆ.

ಕೆಲಸದ ಕ್ರಮ ಹೀಗೆ. ಮೊದಲು ಎತ್ತರದ ನಿಶ್ಚಯ: 400 ಮೀಟರ್ ಎತ್ತರದ ಬೆಟ್ಟವನ್ನು ಲೆಕ್ಕಕ್ಕೆ ಸರಿಯಾಗಿ ಇಳಿಸಿದರೆ 18 ಮೀಟರ್ ಆಗುತ್ತದೆ, ಅದು ಹಿತ್ತಲಿಗೆ ಒಗ್ಗುವ ಮಾತಲ್ಲ, ಬೆಟ್ಟದ ಬುಡದಲ್ಲಿ ಹಳಿಗೆ ತಾಗಿ ನಿಂತ 20 ಮೀಟರಿನ ಪ್ರಪಾತವನ್ನಷ್ಟೇ ಆರಿಸಿಕೊಂಡರೆ 90 ಸೆಂಟಿಮೀಟರ್ ಸಾಕು. ಕೆಮ್ಮಣ್ಣನ್ನು ಅಗೆದು ಜಲ್ಲಿ ತುಂಬಿ ದಮ್ಮಸು ಮಾಡಿ, ತೆಳುವಾದ ಕಾಂಕ್ರೀಟು ಹಾಸಿ, ಅದರ ಮೇಲೆ ಇಟ್ಟಿಗೆ ಚೂರಿನ ಒಡಲನ್ನು ಕಟ್ಟಬೇಕು. ಒಡಲಿಗೆ ಕಬ್ಬಿಣದ ಸರಳುಗಳ ಆಸರೆಯಲ್ಲಿ ಕೋಳಿಬಲೆಯನ್ನು ಎರಡು ಸುತ್ತು ಹೊದಿಸಿ ತಂತಿಯಿಂದ ಬಿಗಿದು, ಬಂಡೆಯ ಉಬ್ಬು ತಗ್ಗುಗಳನ್ನು ಆಗಲೇ ಬಲೆಯಲ್ಲಿ ಮೂಡಿಸಬೇಕು. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆಯನ್ನು ಮೊದಲು ಬಲೆಯೊಳಕ್ಕೆ ಒತ್ತಿ ತುಂಬಿ, ಅದು ಬಿಗಿದ ಮೇಲೆ ನಾಲ್ಕೈದು ಸೆಂಟಿಮೀಟರ್ ದಪ್ಪದ ಎರಡನೆಯ ಲೇಪವನ್ನು ಕೊಡಬೇಕು.

ಕೆತ್ತನೆ ನಡೆಯುವುದು ಈ ಎರಡನೆಯ ಲೇಪದಲ್ಲಿ. ಬೆರಳೊತ್ತಿದರೆ ಗುರುತು ಬೀಳಬೇಕು, ಗಾರೆ ಬೆರಳಿಗೆ ಅಂಟಬಾರದು; ಆ ಹದ ಬಿಸಿಲಿನ ದಿನ ಬೇಗನೆಯೂ ಮೋಡದ ದಿನ ತಡವಾಗಿಯೂ ಬರುತ್ತದೆ. ಹದ ಬಂದೊಡನೆ ಕರಣೆಯ ತುದಿಯಿಂದ ನೇರ ಸೀಳುಗಳನ್ನು ಮೊದಲು ಎಳೆದು, ಅನಂತರ ಹೊರಮೈಯ ಬಾಗಿಗೆ ಅನುಗುಣವಾಗಿ ಅಡ್ಡ ಬಿರುಕುಗಳನ್ನು ಕೊರೆದು, ಪ್ರತಿ ಕಲ್ಲಿನ ಕೆಳಗಂಚನ್ನು ಚೂಪಾಗಿಯೇ ಬಿಟ್ಟು, ಮೇಲಂಚನ್ನು ಒದ್ದೆ ಬ್ರಷ್ಷಿನಿಂದ ದುಂಡಗೆ ಮಾಡಬೇಕು. ಮೇಲಿನಿಂದ ಇಳಿಯುವ ಮಳೆ ಸವೆಸುವುದು ಆ ಅಂಚನ್ನೇ ಅಲ್ಲವೆ? ಬಿರುಕುಗಳ ನಡುವಣ ಅಂತರ ಎಲ್ಲೆಡೆ ಸಮನಾಗಿರಬಾರದು: ಒಂದು ಕಡೆ ದಟ್ಟವಾಗಿ ಸೀಳಿ, ಮಗ್ಗುಲಿಗೆ ಬಹುದೂರದ ತನಕ ಗೆರೆಯಿಲ್ಲದ ನುಣ್ಣನೆಯ ಹಾಸನ್ನು ಬಿಡುವ ಧೈರ್ಯ ಬೇಕು. ಅನನುಭವಿಗಳು ಎಡವುವುದು ಈ ಬರಿದಾದ ಹಾಸಿನಲ್ಲಿಯೇ. ಖಾಲಿ ಬಿಡಲಾರದೆ ಎಲ್ಲೆಂದರಲ್ಲಿ ಗೀಚುತ್ತಾರೆ. ಹೊರಮೈಯ ಒರಟುತನಕ್ಕೆ ಸುಲಭವಾದ ಉಪಾಯವೊಂದಿದೆ: ಅಲ್ಯೂಮಿನಿಯಂ ಹಾಳೆಯನ್ನು ಮುದುಡಿ ಬಿಡಿಸಿ ಹಸಿಗಾರೆಗೆ ಒತ್ತಿದರೆ ಸಣ್ಣ ಪ್ರಮಾಣದ ಶಿಲೆಯ ಮೈ ತಾನಾಗಿ ಮೂಡುತ್ತದೆ. ಕೆಲಸ ಮುಗಿದ ಮೇಲೆ ಗೋಣಿತಾಟು ಹೊದಿಸಿ ಕನಿಷ್ಠ ಏಳು ದಿನ ನೀರುಣಿಸಬೇಕು. ಮೇ ತಿಂಗಳ ಬಿಸಿಲಿನಲ್ಲಿ ಇದನ್ನು ಅಲಕ್ಷ್ಯ ಮಾಡಿದರೆ ಕೆತ್ತದ ಬಿರುಕುಗಳೂ ಕಾಣಿಸಿಕೊಳ್ಳುತ್ತವೆ.

ಬಣ್ಣದ ವಿಷಯದಲ್ಲಿ ಡಬ್ಬಿಯ ಪೇಂಟು ನಿಷಿದ್ಧವೆಂದೇ ಹೇಳಬೇಕು. ಅದು ಹೊರಮೈಗೆ ತೊಗಲಿನಂತಾಗಿ ಎರಡನೆಯ ಮಳೆಗಾಲಕ್ಕೆ ಸುಲಿಯುತ್ತದೆ. ಹಳೆಯ ಮನೆಗಳ ನೆಲಕ್ಕೆ ಬಳಸುತ್ತಿದ್ದ ರೆಡ್ ಆಕ್ಸೈಡ್, ಕರಿಯ ಆಕ್ಸೈಡ್ ಪುಡಿಗಳು ಬಿಸಿಲಿಗೆ ಮಾಸವು. ಅವನ್ನು ನೀರಿನಲ್ಲಿ ತೀರ ತೆಳುವಾಗಿ ಕದಡಿ, ಮೊದಲು ಬಿರುಕುಗಳಿಗೆ ಕಪ್ಪನ್ನು ಇಳಿಸಿ, ಬಳಿಕ ಮೈಗೆ ಬೂದುಬಣ್ಣವನ್ನೂ ಅಲ್ಲಲ್ಲಿ ನಸುಗೆಂಪನ್ನೂ ಹಾಯಿಸಿ, ಕೊನೆಗೆ ಒಣ ಬ್ರಷ್ಷಿನಿಂದ ಉಬ್ಬುಗಳನ್ನಷ್ಟೇ ತಿಳಿಯಾಗಿ ಸವರಬೇಕು. ನಮ್ಮ ಬೆಟ್ಟಗಳ ಮುಖದ ಮೇಲೆ ಮಳೆನೀರು ಹರಿದಲ್ಲೆಲ್ಲ ಪಾಚಿ ಒಣಗಿ ಉದ್ದನೆಯ ಕರಿಯ ಪಟ್ಟೆಗಳು ಇಳಿದಿರುತ್ತವೆ. ಅವಿಲ್ಲದ ರಾಮನಗರದ ಬಂಡೆ ರಾಮನಗರದ್ದಲ್ಲ. ಹಾಗೆಯೇ ಎತ್ತರದ ಚಾಚುಗಳ ಕೆಳಗೆ ಬಿಳಿಯ ಕಲೆಗಳು. 2012ರಲ್ಲಿ ರಣಹದ್ದುಗಳ ಅಭಯಧಾಮವೆಂದು ಘೋಷಿತವಾದ ರಾಮದೇವರ ಬೆಟ್ಟದಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಕೂರುವ ಜಾಗವನ್ನು ದೂರದಿಂದಲೇ ಗುರುತಿಸುವುದು ಆ ಹಿಕ್ಕೆಯ ಬಿಳುಪಿನಿಂದ. ಅದೇ ಬೆಟ್ಟದ ಬುಡದಲ್ಲಿಯೇ 1975ರಲ್ಲಿ ತೆರೆಕಂಡ ಶೋಲೆ ಚಿತ್ರದ ಊರನ್ನು ಕಟ್ಟಿದ್ದು ಎಂಬುದು ಎಲ್ಲರಿಗೂ ತಿಳಿದ ಸಂಗತಿ.

ರೈಲಿಗಾಗಿ ಕಡಿದ ಬಂಡೆಗೆ ಪ್ರಕೃತಿಯ ಬಂಡೆಗಿಂತ ಭಿನ್ನವಾದ ಮುಖವಿರುತ್ತದೆ. ಬೆಟ್ಟವನ್ನು ಸೀಳಿ ಹಳಿ ಹಾಕಿದ ಕಡೆ ಕಲ್ಲು ತಾಜಾ, ಅಂಚು ಹರಿತ, ಮೈಮೇಲೆ ಸಿಡಿಮದ್ದಿಗಾಗಿ ಕೊರೆದ ಕುಳಿಗಳ ಅರ್ಧ ಕೊಳವೆಯಂಥ ಗುರುತುಗಳು ಸಾಲಾಗಿ ಇಳಿದಿರುತ್ತವೆ. ಹಸಿಗಾರೆಯಲ್ಲಿ ಸೈಕಲ್ ಚಕ್ರದ ಕಡ್ಡಿಯೊಂದನ್ನು ಒತ್ತಿ ತೆಗೆದರೆ ಈ ಗುರುತು ಸಿದ್ಧ. ಇಂಥ ಕಡಿತಗಳನ್ನೂ ಸುರಂಗಗಳನ್ನೂ ಅಭ್ಯಾಸ ಮಾಡಬೇಕೆನ್ನುವವರು 1979ರಲ್ಲಿ ಮೀಟರ್ ಗೇಜಾಗಿಯೇ ತೆರೆದ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಮಾರ್ಗದಲ್ಲಿ ಹಗಲು ಪ್ರಯಾಣ ಮಾಡಬೇಕು. ಅಲ್ಲಿನ ಸುರಂಗಗಳ ಸಂಖ್ಯೆಯೇ 57. ತೋಟದ ಸುರಂಗಕ್ಕೆ ಒಂದೇ ನಿಯಮ: ಹಳಿ ತಪ್ಪಿದ ಗಾಡಿಗೆ ಕೈ ತಲುಪುವಂತೆ ಬೆಟ್ಟದ ಹಿಂಬದಿಯಲ್ಲಿ ಬಾಗಿಲಿರಬೇಕು. ತಿರುವಿನಲ್ಲಿ ಉದ್ದನೆಯ ಬೋಗಿಯ ನಡುಭಾಗ ಒಳಕ್ಕೂ ತುದಿ ಹೊರಕ್ಕೂ ಚಾಚುವುದರಿಂದ, ನಿಮ್ಮಲ್ಲಿರುವ ಅತಿ ಉದ್ದದ ಬೋಗಿಯನ್ನು ಕೈಯಿಂದ ತಳ್ಳಿ ನೋಡಿದ ಮೇಲೆಯೇ ಬಂಡೆಯ ಮೈಯನ್ನು ಹಳಿಯ ಹತ್ತಿರಕ್ಕೆ ತರಬೇಕು.

ನಮ್ಮಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆ ಒಮ್ಮೆಗೇ ಸುರಿಯುವಂಥದು. ಬಂಡೆಯ ಹಿಂದೆ ನಿಂತ ನೀರಿಗೆ ಹೊರದಾರಿ ಇರದಿದ್ದರೆ ಗೋಡೆ ಮುಂದಕ್ಕೆ ವಾಲುತ್ತದೆ. ಬಿರುಕುಗಳ ಮರೆಯಲ್ಲಿ ತೂಬುಗಳನ್ನು ಬಿಟ್ಟರೆ ನೀರೂ ಹರಿಯುತ್ತದೆ, ಪಾಚಿಗೂ ನೆಲೆಯಾಗುತ್ತದೆ. ಸೆಗಣಿಯ ತಿಳಿನೀರನ್ನು ಚಿಮುಕಿಸಿದರೆ ಪಾಚಿ ಬೇಗ ಹಿಡಿಯುತ್ತದೆ. ಆಲ, ಅರಳಿಗಳ ಸಸಿಗಳನ್ನು ಮಾತ್ರ ಬಂಡೆಯ ಸಂದಿಯಲ್ಲಿ ಬೆಳೆಯಗೊಡಬಾರದು. ಕೋಟೆಗಳನ್ನೇ ಸೀಳಿದ ಬೇರುಗಳಿಗೆ ನಾಲ್ಕು ಬೆರಳಿನ ಗಾರೆ ಯಾವ ಲೆಕ್ಕ?

ಚನ್ನಪಟ್ಟಣದ ಬೊಂಬೆಯ ಕುಶಲಿಗಳು ಹಾಲೆಮರವನ್ನು ಕಡೆದು, ಅರಗಿನ ಬಣ್ಣ ಕೊಟ್ಟು, ತಾಳೆಗರಿಯಿಂದ ಹೊಳಪೇರಿಸಿದ ಮರದ ರೈಲುಗಳನ್ನು ಮಾಡುತ್ತಲೇ ಬಂದಿದ್ದಾರೆ. ಅರಗು ಶಾಖಕ್ಕೆ ಮೆದುವಾಗುವ ವಸ್ತುವಾದ್ದರಿಂದ ಆ ರೈಲು ಬಿಸಿಲಿನ ತೋಟಕ್ಕೆ ಸಲ್ಲದು. ಆದರೆ ಗಾಲಿಯ ದುಂಡನ್ನೂ ಬೊಂಬೆಯ ಅಳತೆಯನ್ನೂ ಕಣ್ಣಂದಾಜಿನಲ್ಲಿಯೇ ಸಾಧಿಸುವ ಆ ಕೈಗಳಿಂದ ನಿಲ್ದಾಣದ ಜನರನ್ನೂ ಕೈಮರವನ್ನೂ ಮಾಡಿಸಿ, ಓಡಿಸುವ ದಿನ ಹೊರತಂದು ಸಂಜೆಗೆ ಒಳಗಿಡಬಹುದು. ಅಂಥ ಕೆಲಸಕ್ಕೆ ಅವರಿಗೆ ಒಳ್ಳೆಯ ಸಂಭಾವನೆ ಸಲ್ಲಬೇಕು.

ಈ ಸೀಮೆಯ ಎಷ್ಟೋ ಗುಡ್ಡಗಳು ಜಲ್ಲಿಯಾಗಿ, ಚಪ್ಪಡಿಯಾಗಿ ಲಾರಿಯೇರಿ ಹೋಗಿವೆ. ಬಂಡೆ ಕಟ್ಟಬೇಕೆಂದು ಹೊರಡುವ ಓದುಗರಲ್ಲಿ ನನ್ನ ಪ್ರಾರ್ಥನೆ ಇಷ್ಟು: ಉಳಿದಿರುವ ಬೆಟ್ಟಗಳ ಬಳಿಗೆ ಅಳತೆಪಟ್ಟಿಯನ್ನೂ ಕ್ಯಾಮೆರಾವನ್ನೂ ಕೊಂಡುಹೋಗಿರಿ, ಬಿರುಕುಗಳ ರೇಖೆಯನ್ನು ಕಾಗದದ ಮೇಲೆ ಬರೆದುಕೊಳ್ಳಿರಿ, ಉಳಿಯನ್ನೂ ಸುತ್ತಿಗೆಯನ್ನೂ ಮನೆಯಲ್ಲಿಯೇ ಬಿಟ್ಟು ಹೋಗಿರಿ.