ಅದೇ ಊರು, ಬೇರೆ ದಾರಿ

ಒಂದು ಪ್ರಶ್ನೆ ಕೇಳ್ತೀನಿ. ಹತ್ತನೇ ವಯಸ್ಸಿನಲ್ಲಿ ನೀವು ಓಡಾಡಿದ ಬೀದಿಗೆ ಮೂವತ್ತೆರಡನೇ ವಯಸ್ಸಿನಲ್ಲಿ ವಾಪಸ್ ಹೋಗ್ತೀರಿ ಅಂದ್ಕೊಳ್ಳಿ. ಆ ಬೀದಿ ಹಾಗೇ ಇರಬೇಕಾ, ಬದಲಾಗಿರಬೇಕಾ? ಒಂಚೂರೂ ಬದಲಾಗದೇ ಇದ್ದರೆ ಹತ್ತು ನಿಮಿಷಕ್ಕೆ ಬೇಜಾರು. ಪೂರ್ತಿ ಬದಲಾಗಿದ್ದರೆ ಎದೆ ಧಸಕ್ ಅನ್ನುತ್ತೆ. ಈ ಇಕ್ಕಟ್ಟಿಗೆ ಒಂದು ಒಳ್ಳೇ ಉತ್ತರ ಕೊಟ್ಟಿದ್ದು ಯಾವ ತತ್ವಜ್ಞಾನಿಯೂ ಅಲ್ಲ. ಜಪಾನಿನ ಕ್ಯೋಟೋ ನಗರದ ವಿಡಿಯೋ ಗೇಮ್ ಕಂಪನಿ, ನಿಂಟೆಂಡೋ.

1991ರ ನವೆಂಬರ್‌ನಲ್ಲಿ ನಿಂಟೆಂಡೋ ಜಪಾನಿನಲ್ಲಿ ಒಂದು ಆಟ ಬಿಡುಗಡೆ ಮಾಡಿತು. 'ದಿ ಲೆಜೆಂಡ್ ಆಫ್ ಝೆಲ್ಡಾ: ಎ ಲಿಂಕ್ ಟು ದಿ ಪಾಸ್ಟ್'. ಟಿವಿಗೆ ಪೆಟ್ಟಿಗೆ ಜೋಡಿಸಿ ಆಡುವ ಕಾಲ ಅದು. ಲಿಂಕ್ ಎಂಬ ಹುಡುಗ, ಹೈರೂಲ್ ಎಂಬ ರಾಜ್ಯ, ಸೆರೆಯಲ್ಲಿರುವ ರಾಜಕುಮಾರಿ ಝೆಲ್ಡಾ. ಜೊತೆಗೆ ಆ ರಾಜ್ಯದ ನೆರಳಿನಂಥ ಇನ್ನೊಂದು ಕತ್ತಲ ಲೋಕ. ಅದನ್ನು ಆಡಿ ಬೆಳೆದ ಮಕ್ಕಳಿಗೆ ಹೈರೂಲ್‌ನ ಒಂದೊಂದು ಮೂಲೆಯೂ ಬಾಯಿಪಾಠ.

ಆಮೇಲೆ 22 ವರ್ಷ ಕಳೆಯಿತು. ಝೆಲ್ಡಾ ಸರಣಿಯ ಜನಕ ಶಿಗೆರು ಮಿಯಾಮೊಟೊ ಅವರಿಗೆ ಆ ಹಳೇ ಆಟವನ್ನೇ ಕೈಯಲ್ಲಿ ಹಿಡಿದು ಆಡುವ 3ಡಿಎಸ್ ಯಂತ್ರಕ್ಕೆ ತರುವ ಆಸೆಯಿತ್ತು. ಸುಲಭದ ದಾರಿ ಅದು. ಆದರೆ ನಿರ್ಮಾಪಕ ಐಜಿ ಅವೊನುಮಾ ಅವರ ತಂಡ ಕೊನೆಗೆ ಮಾಡಿದ್ದು ಹೊಸ ಆಟವನ್ನು. 'ಎ ಲಿಂಕ್ ಬಿಟ್ವೀನ್ ವರ್ಲ್ಡ್ಸ್', 2013.

ಇಲ್ಲಿ ನಕ್ಷೆ ಹೆಚ್ಚುಕಮ್ಮಿ ಅದೇ. ಅದೇ ಕೋಟೆ, ಅದೇ ಕಕಾರಿಕೋ ಹಳ್ಳಿ, ಅದೇ ಡೆತ್ ಮೌಂಟನ್. ಕಥೆಯಲ್ಲಿ ಮಾತ್ರ ತಲೆಮಾರುಗಳು ಕಳೆದಿವೆ. ಹಾಗಾದ್ರೆ ಹೊಸದೇನು? ಎರಡೇ ಎರಡು ಸಂಗತಿ.

ಒಂದು, ಗೋಡೆ. ಹೊಸ ಲಿಂಕ್ ಗೋಡೆಗೆ ಅಂಟಿಕೊಂಡು ಚಿತ್ರವಾಗಬಲ್ಲ. ಚಿತ್ರವಾಗಿಯೇ ಅಕ್ಕಪಕ್ಕ ಸರಿದು, ಕಿಟಕಿ ಸರಳಿನ ನಡುವೆ ನುಸುಳಿ, ಕಂದಕ ದಾಟಬಲ್ಲ. ಬಿರುಕಿನೊಳಗೆ ತೂರಿ ಲೋರೂಲ್ ಎಂಬ ಜೋಡಿ ಲೋಕಕ್ಕೂ ಹೋಗಬಲ್ಲ. ಗಮನಿಸಿ, 1991ರಲ್ಲಿ ಗೋಡೆ ಅಂದ್ರೆ ದಾರಿ ಮುಗೀತು ಅಂತ ಅರ್ಥ. 2013ರಲ್ಲಿ ಗೋಡೆಯೇ ದಾರಿ. ನಕ್ಷೆ ಬಾಯಿಪಾಠ ಇದ್ದವನೂ ಪ್ರತಿ ಗೋಡೆಯನ್ನು ಮತ್ತೆ ನೋಡಲೇಬೇಕು.

ಎರಡು, ಅಂಗಡಿ. ಹಳೇ ಆಟದಲ್ಲಿ ಮುಖ್ಯ ಆಯುಧಗಳು ಬಹುಪಾಲು ಒಂದೊಂದು ಗುಹೆಯಲ್ಲಿ ಅಡಗಿರುತ್ತಿದ್ದವು. ಅದು ಸಿಗದೆ ಮುಂದಿನದಕ್ಕೆ ಹೋಗೋದು ಕಷ್ಟ. ಹೊಸದರಲ್ಲಿ ರೇವಿಯೋ ಎಂಬ ವ್ಯಾಪಾರಿ ಲಿಂಕ್‌ನ ಮನೆಯಲ್ಲೇ ಅಂಗಡಿ ತೆರೆದು ಬಿಲ್ಲು, ಬಾಂಬು, ಸುತ್ತಿಗೆ ಎಲ್ಲವನ್ನೂ ಬಾಡಿಗೆಗೆ ಕೊಡ್ತಾನೆ. ತಗೊಂಡು ಲೋರೂಲ್‌ನಲ್ಲಿ ಬಹುಮಟ್ಟಿಗೆ ಇಷ್ಟಬಂದ ಕಡೆ ಮೊದಲು ಹೋಗಿ. ಸತ್ತರೆ? ಬಾಡಿಗೆ ಸಾಮಾನೆಲ್ಲ ಅಂಗಡಿಗೆ ವಾಪಸ್! ಆಮೇಲೆ ದುಡ್ಡು ಕೂಡಿಸಿ ಸ್ವಂತಕ್ಕೂ ಕೊಳ್ಳಬಹುದು. ಅಂದರೆ ಸ್ವಾತಂತ್ರ್ಯವನ್ನೂ ಕೊಟ್ಟರು, ಸೋಲಿನ ಭಯವನ್ನೂ ಉಳಿಸಿದರು.

ನನಗೆ ಕಾಣೋ ಪಾಠ ಇಷ್ಟೇ. ಹಳೆಯದಕ್ಕೆ ಗೌರವ ಅಂದರೆ ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡೋದಲ್ಲ. ನಕ್ಷೆ ಉಳಿಸಿಕೊಂಡು ನಡಿಗೆ ಬದಲಿಸೋದು. ಬಾಲ್ಯದ ನೆನಪನ್ನು ಹೊಸ ಡಬ್ಬದಲ್ಲಿ ತುಂಬಿ ಮಾರೋರಿಗೆ ಕೊರತೆಯಿಲ್ಲ. ಆ ನೆನಪಿನೊಳಗೆ ಮತ್ತೆ ದಾರಿ ತಪ್ಪುವಂತೆ ಮಾಡೋರು ಅಪರೂಪ. 2017ರಲ್ಲಿ ಅವೊನುಮಾ ಅವರೇ ನಿರ್ಮಾಪಕರಾಗಿ ತಂದ 'ಬ್ರೆತ್ ಆಫ್ ದಿ ವೈಲ್ಡ್' ಎಲ್ಲಿ ಬೇಕಾದರೂ ಹೋಗಿ ಅಂತ ಇಡೀ ಲೋಕವನ್ನೇ ಬಿಚ್ಚಿಟ್ಟಿತು.

ಆದರೆ ಕಥೆ ಇಲ್ಲಿಗೆ ಮುಗಿಯೋಲ್ಲ. 2023ರ ಮಾರ್ಚ್ 27ರಂದು ನಿಂಟೆಂಡೋ 3ಡಿಎಸ್‌ನ ಆನ್‌ಲೈನ್ ಅಂಗಡಿಯಲ್ಲಿ ಮಾರಾಟ ನಿಲ್ಲಿಸಿತು. 1991ರ ಆಟ 2019ರಿಂದಲೇ ಚಂದಾದಾರರಿಗೆ ಹೊಸ ಸ್ವಿಚ್ ಯಂತ್ರದಲ್ಲಿ ಸಿಗುತ್ತಿತ್ತು. ಮೊಮ್ಮಗನಂಥ 2013ರ ಆಟಕ್ಕೇ ಅಂಗಡಿ ಬಾಗಿಲು ಮುಚ್ಚಿತು! ಹೊಸದಾಗಿ ಆಡುವ ಆಸೆ ಹುಟ್ಟಿದವನು ಆ ಯಂತ್ರವನ್ನೂ ಪುಟ್ಟ ಕಾರ್ಟ್ರಿಜ್ಜನ್ನೂ ಹುಡುಕಿಕೊಂಡು ಅಲೆಯಬೇಕು.

ರೇವಿಯೋನ ಅಂಗಡಿ ನೆನಪಾಗುತ್ತೆ. ಆಟದೊಳಗೆ ದುಡ್ಡು ಕೂಡಿಸಿದರೆ ಬಾಡಿಗೆಯದು ಸ್ವಂತದ್ದಾಗುತ್ತಿತ್ತು. ನಮ್ಮ ಲೋಕದಲ್ಲಿ ದುಡ್ಡು ಕೊಟ್ಟು ಕೊಂಡಿದ್ದರಲ್ಲಿ ಎಷ್ಟು ನಮ್ಮದು, ಎಷ್ಟು ಬಾಡಿಗೆಯದು? ಇವತ್ತು ರಾತ್ರಿ ನಿಮ್ಮ ಫೋನ್ ತೆಗೆದು ಒಮ್ಮೆ ಲೆಕ್ಕ ಹಾಕಿ ನೋಡಿ.